ಚರ್ಮದ ಕೆಳಗೊಂದು ದಾರ

೨೪ ಜನವರಿ ೧೯೭೮, ಮಂಗಳವಾರ
ಟಿಕೋಟಾ

ಈ ಪುಸ್ತಕವನ್ನು ಮುಂದಿನಿಂದ ತೆರೆದರೆ ನಮ್ಮೂರಿನ ಇನ್ನೂರ ಹದಿನಾಲ್ಕು ಹೆಂಗಸರ ಅಳತೆ ಸಿಗುತ್ತದೆ. ಎದೆ, ಬೆನ್ನು, ತೋಳು, ಕಂಕುಳು. ಯಾರು ಬಸುರಿಯಾದರು, ಯಾರು ಸೊರಗಿದರು, ಯಾರ ಮನೆಗೆ ಎಮ್ಮೆ ಬಂತು, ಯಾರ ಸೊಸೆಗೆ ಹೊಟ್ಟೆ ತುಂಬ ಊಟ ಸಿಗುತ್ತಿಲ್ಲ, ಎಲ್ಲ ಇಂಚುಗಳಲ್ಲಿ ಇದೆ. ಅದಕ್ಕೇ ಇದನ್ನು ಯಾರ ಕೈಗೂ ಕೊಡುವುದಿಲ್ಲ. ಇವತ್ತಿನಿಂದ ಹಿಂದಿನ ಹಾಳೆಗಳಲ್ಲಿ ಬರೆಯುತ್ತೇನೆ. ಈ ಕಡೆ ಗಿರಾಕಿ ಒಬ್ಬಳೇ.

ಹೆಸರು: ಮಾಬುಬಿ. ವಯಸ್ಸು: ಮೂವತ್ತೆಂಟು. ಉದ್ಯೋಗ: ಹೆಂಗಸರ ಹೊಲಿಗೆ, ಇಪ್ಪತ್ತು ವರ್ಷದಿಂದ, ಯಾರ ಕೈಯಿಂದಲೂ ಬಟ್ಟೆ ವಾಪಸು ಬಂದಿಲ್ಲ. ಗಂಡ: ಕಾಸಿಮಸಾಬ, ಬಾಡಿಗೆ ಸೈಕಲ್ಲಿನ ಅಂಗಡಿ. ದೂರು: ಹೇಳುತ್ತೇನೆ.

ಬೆಳಿಗ್ಗೆ ಜಳಕ ಮಾಡಿ ತಲೆ ಬಾಚಲು ಎಡಗೈ ಎತ್ತಿದೆ. ಯಾರೋ ಒಳಗೆ ಕುಳಿತು ದಾರ ಹಿಡಿದು ಜಗ್ಗಿದ ಹಾಗಾಯಿತು. ಮುಟ್ಟಿ ನೋಡಿದರೆ ಎಡ ಮೊಲೆಯ ಕೆಳಗಿನಿಂದ ಪಕ್ಕೆಲುಬಿನವರೆಗೆ ಚರ್ಮದ ಕೆಳಗೊಂದು ದಾರ. ಗೋಣಿಚೀಲ ಹೊಲಿಯುವ ದಾರದಷ್ಟು ದಪ್ಪ. ಅದರ ಮೇಲೆ ಚರ್ಮ ಕೆಂಪಗೆ, ಮುಟ್ಟಿದರೆ ನೋವು. ಕೈ ಎತ್ತಿದರೆ ದಾರ ಬಿಗಿದು, ಹೊಲಿಗೆ ಜಗ್ಗಿದಾಗ ಬಟ್ಟೆ ಮುದುಡುವಂತೆ ಚರ್ಮ ಒಳಗೆ ಹೋಗುತ್ತದೆ.

ಟೇಪು ಇಟ್ಟೆ. ಮೂರೂ ಕಾಲು ಇಂಚು.

ಸಂಕ್ರಾಂತಿಗಿಂತ ಮೊದಲೇ ಕುಬಸದೊಳಗೆ ತೊಡುವ ಒಂದು ಹೊಸ ಬಾಡಿ ಹೊಲಿದು ತೊಟ್ಟಿರುವುದು ಒಳ್ಳೆಯದಾಯಿತು. ಎದೆಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ನೋವು ಆಚೀಚೆ ಓಡುವುದಿಲ್ಲ. ಗುಂಡಿ ಹಾಕುವಾಗ ಉಸಿರು ಪೂರ್ತಿ ಬಿಡಬೇಕಾಗುತ್ತದೆ ನಿಜ. ಹೊಸದು ಯಾವುದಾದರೂ ಬಿಗಿಯೇ.

೨೭ ಜನವರಿ, ಶುಕ್ರವಾರ

ಮೂರೂವರೆ ಇಂಚು.

ಆ ಬಾಡಿಯ ವಿಷಯ ಬರೆದಿಡಬೇಕು. ದೀಪಾವಳಿ ಹೊತ್ತಿಗೆ ಬಿಜಾಪುರದಿಂದ ಒಬ್ಬಾಕೆ ಬಂದು ಬಸ್ ನಿಲ್ದಾಣದ ಎದುರು ಹೊಲಿಗೆ ಯಂತ್ರ ಇಟ್ಟಳು. ಹೆಸರು ನೀಲಾಬಾಯಿ. ಗಂಡ ಇಲ್ಲ. ಬಾಗಿಲ ಮೇಲೆ ಬೋರ್ಡು, ಗೋಡೆಯ ಮೇಲೆ ಮುಂಬಯಿಯ ಚಿತ್ರ. ಗಂಟು ಕಟ್ಟುವ ಕುಬಸ ತೊಟ್ಟು ಬೆಳೆದ ಹುಡುಗಿಯರೆಲ್ಲ ಈಗ ಕುಬಸದೊಳಗೆ ಬಾಡಿ ಬೇಕು ಎನ್ನುತ್ತಾರೆ, ಅವಳ ಬಾಗಿಲಿಗೆ ಹೋಗುತ್ತಾರೆ. ಅವಳು ಹೊಲಿಯುವುದನ್ನು ನಾನು ಹೊಲಿಯಲಾರೆನೇ. ಮೊದಲು ನನಗೇ ಒಂದು ಹೊಲಿದೆ. ಕೆಳಗೆ ಎರಡು ಸುತ್ತು ಪಟ್ಟಿ, ಅವಳದಕ್ಕೆ ಒಂದೇ.

ಅಳತೆಗೆ ಯಾರ ಮುಂದೆಯೂ ಹೋಗಲಿಲ್ಲ. ತನ್ನ ಅಳತೆ ತಾನು ತೆಗೆಯಲು ಬರುವುದಿಲ್ಲ, ಕೈ ಎತ್ತಿದರೆ ಎದೆ ಏರುತ್ತದೆ, ಇಳಿಸಿದರೆ ಟೇಪು ಜಾರುತ್ತದೆ. ಆದರೆ ಈ ಪುಸ್ತಕದ ಮೊದಲ ಹಾಳೆಯಲ್ಲಿ ನನ್ನ ಅಳತೆ ಇದೆ. ಬಬಲೇಶ್ವರದಲ್ಲಿ ಅಬ್ಬಾ ಲಾಲಸಾಬ ಎಂದರೆ ದರ್ಜಿಗಳಿಗೆಲ್ಲ ದರ್ಜಿ. ನನ್ನ ಮದುವೆಯ ಬಟ್ಟೆಗೆ ಅಮ್ಮಾ ಟೇಪು ಹಿಡಿದು ಹೇಳಿದಳು, ಅಬ್ಬಾ ನಮ್ಮ ಕಡೆ ಬೆನ್ನು ಮಾಡಿ ಕುಳಿತು ಬರೆದುಕೊಂಡರು. ಹಳೆಯ ಪುಸ್ತಕ ತುಂಬಿದಾಗ ಆ ಹಾಳೆಯನ್ನು ಬಿಚ್ಚಿ ಇದಕ್ಕೆ ಅಂಟಿಸಿದ್ದೇನೆ. ಅಬ್ಬಾನ ಅಳತೆ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ಬರೆಯಬೇಕಾದ್ದನ್ನು ಬರೆಯಲು ಕೈ ಹೋಗುತ್ತಿಲ್ಲ.

ಹಾಳೆ ಅರವತ್ತೆರಡು. ಹುಸೇನಬಿ, ಬಬಲೇಶ್ವರ. ನನ್ನ ಅಕ್ಕ. ಮೂರು ವರ್ಷದ ಹಿಂದೆ ಕುಬಸ ಹೊಲಿಯಲು ಕೊಟ್ಟಾಗ ಹೇಳಿದ್ದಳು, ‘ಎಡಕ ತುಸು ಸಡ್ಲ ಇರ್ಲಿ.’ ಬರೆದಿದ್ದೇನೆ: ಎಡಗಡೆ ಸಡಿಲ. ಯಾಕೆ ಎಂದು ಕೇಳಲಿಲ್ಲ. ಗಿರಾಕಿ ಸಡಿಲ ಎಂದರೆ ಸಡಿಲ. ನಿಂಬೆಹಣ್ಣಿನಷ್ಟು ಗಂಟನ್ನು ಅದರೊಳಗೆ ಎಂಟು ತಿಂಗಳು ಮುಚ್ಚಿಟ್ಟುಕೊಂಡು ಓಡಾಡಿದಳು. ಮಿರಜಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ವಾಪಸು ಬಂದು ನಲವತ್ತು ದಿನ ಇದ್ದಳು.

ನನ್ನದೂ ಎಡಗಡೆ.

೩೧ ಜನವರಿ, ಮಂಗಳವಾರ

ಅತ್ತೆಗೆ ಗೊತ್ತಾಯಿತು. ಗೋಡೆಯ ನಾಗೊಂದಿ ಹಲಗೆಯ ಮೇಲಿನ ಡಬ್ಬಿ ತೆಗೆಯಲು ಹೋಗಿ ‘ಹಾ’ ಎಂದೆ. ಅತ್ತೆ ಹಾಜಿರಾಬಿಗೆ ಎಪ್ಪತ್ತು ದಾಟಿದೆ, ಅಜಾನ ಕೇಳಿಸುವುದಿಲ್ಲ, ನನ್ನ ‘ಹಾ’ ಮಾತ್ರ ಎರಡು ಕೋಣೆ ದಾಟಿ ಕೇಳಿಸಿತು.

‘ತೆಗಿ, ನೋಡೂಣು.’

‘ಏನಿಲ್ಲ ಬಿಡ್ರಿ ಅತ್ತಿ.’

‘ಏನಿಲ್ಲಂದ್ರ ತೋರ್ಸಾಕ ಏನ ಬ್ಯಾನಿ?’

ತೋರಿಸಿದೆ. ಒಂದು ಗಳಿಗೆ ನೋಡಿ, ‘ಇದು ಸರ್ಪಸುತ್ತು’ ಎಂದು ತೀರ್ಪು ಕೊಟ್ಟಳು. ಸರ್ಪಸುತ್ತು ಎಂದರೆ ಬೊಬ್ಬೆ ಏಳಬೇಕು, ಇದಕ್ಕೆ ಒಂದೂ ಇಲ್ಲ ಎಂದೆ. ‘ಇದು ಬಡವರ ಸರ್ಪ, ಬೊಬ್ಬಿ ತರಾಕ ಗತಿ ಇಲ್ಲ’ ಎಂದಳು. ಹೊತ್ತು ಇಳಿಯುವುದರೊಳಗೆ ಹಿಂದಿನ ಓಣಿಯ ಪರಸವ್ವನನ್ನು ಕರೆತಂದಳು. ಪರಸವ್ವ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವವಳು. ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ, ಅದಕ್ಕೆ ನಡುವೆ ಮಣ್ಣಿನ ಗೆರೆ ಎಳೆದು ದಾರಿ ಕಟ್ಟಬೇಕಂತೆ.

ಪರಸವ್ವ ತಣ್ಣಗಿನ ಕೆಮ್ಮಣ್ಣಿನಲ್ಲಿ ಬೆರಳು ಅದ್ದಿ ದಾರದ ಕೆಳತುದಿಗೆ ಅಡ್ಡಗೆರೆ ಎಳೆದಳು. ತಲೆ ಯಾವ ಕಡೆ ಎಂದು ಇಬ್ಬರಿಗೂ ಜಗಳ. ಅತ್ತೆ ಮೇಲೆ ಎಂದಳು, ಪರಸವ್ವ ಕೆಳಗೆ. ಕೊನೆಗೆ ಎರಡೂ ಕಡೆ ಗೆರೆ ಎಳೆದು ಒಪ್ಪಂದವಾಯಿತು. ನನ್ನ ಮೈ ಮೇಲೆ ಇಬ್ಬರು ರೈತರು ಹೊಲದ ಗಡಿಗೆ ಬಾಂದುಕಲ್ಲು ಹಾಕಿದ ಹಾಗೆ ಕಂಡಿತು.

‘ಮುಗೀತು’ ಎಂದು ಕೈ ಒರೆಸಿಕೊಂಡ ಪರಸವ್ವ, ‘ಹ್ಯಾಂಗೂ ಟೇಪು ಕೊಳ್ಳಾಗ ಐತಿ. ನನ್ನ ತೋಳು ಬಿಗಿ ಆಗೇತಿ, ಅಳದ ಬಿಡು’ ಎಂದಳು. ಅರ್ಧ ಇಂಚು ಹೆಚ್ಚಿದೆ.

ನನ್ನದು ನಾಲ್ಕು ಇಂಚು.

೪ ಫೆಬ್ರವರಿ, ಶನಿವಾರ

ಐದು. ಕೆಳಗಿನ ಕೆಮ್ಮಣ್ಣಿನ ಗೆರೆ ದಾಟಿದೆ.

೭ ಫೆಬ್ರವರಿ, ಮಂಗಳವಾರ

ಇಲೆಕ್ಷನ್ನಿನ ಜೀಪುಗಳು ಬೆಳಗಿನಿಂದ ಕೂಗುತ್ತಿವೆ. ಅದರ ನಡುವೆ ಆಕೆ ನನ್ನ ಹೊಸ್ತಿಲು ತುಳಿದಳು. ನೀಲಾಬಾಯಿ. ಬಿಜ್ಜರಗಿಯ ಮಲಕವ್ವ ಮಗಳ ಮದುವೆಗೆ ಇಪ್ಪತ್ತೊಂದು ಕುಬಸ ಅವಳಿಗೆ ಹಾಕಿದ್ದಾಳೆ. ಹದಿನಾರು ವರ್ಷದಿಂದ ನನ್ನ ಗಿರಾಕಿ ಮಲಕವ್ವ. ನುಂಗಿಕೊಂಡೆ.

‘ಮಲಕವ್ವಗ ಹೊಲಕ್ಕ ಹೋಗೋದೈತಂತ, ಅಳತಿ ಕೊಡಾಕ ಬರಾಕ ಆಗೂದಿಲ್ಲಂತ. ಮಾಬುಬಿ ಪುಸ್ತಕದಾಗ ಐತಿ, ಇಸ್ಕೋ ಅಂದ್ಲು.’

‘ಈ ಪುಸ್ತಕ ಯಾರಿಗೂ ಕೊಡೂದಿಲ್ಲ.’

‘ಪುಸ್ತಕ ಬ್ಯಾಡ. ಬಾಯಿಲೆ ಹೇಳು.’

‘ಬಾಯೊಳಗೂ ಇಲ್ಲ.’

ಆಕೆ ನಕ್ಕಳು. ಅವಳಿಗೆ ಬೇಗ ನಗು ಬರುತ್ತದೆ, ಅದು ನನಗೆ ಹಿಡಿಸುವುದಿಲ್ಲ. ಮಲಕವ್ವನ ಹಳೆಯ ಕುಬಸವೊಂದು ಮೊಳೆಗೆ ತೂಗಿತ್ತು, ಅದನ್ನಾದರೂ ಕೊಟ್ಟು ಕಳಿಸೋಣ ಎಂದು ಕೈ ಎತ್ತಿದೆ. ಕಣ್ಣಲ್ಲಿ ನೀರು ಬಂತು.

ಆಕೆಯ ನಗು ನಿಂತಿತು. ‘ಎಷ್ಟ ದಿನಾ ಆತು ಬೇ?’

‘ಏನ ಎಷ್ಟ ದಿನಾ?’

‘ನಾನೂ ಹೆಂಗಸು. ಕೈ ಎತ್ತೂದು ನೋಡಿದ್ರ ತಿಳೀತೈತಿ. ಬಿಜಾಪುರದ ದೊಡ್ಡ ದವಾಖಾನ್ಯಾಗ ಹೆಣಮಗಳು ಡಾಕ್ಟರ ಅದಾಳ. ಸೋಮವಾರ ನಾನು ದಾರ ತರಾಕ ಹೊಂಟೇನಿ. ಬಾ.’

ನನ್ನ ದಾರ ನನ್ನ ಹತ್ತಿರವೇ ಇದೆ ಎಂದೆ. ಕುಬಸ ತೆಗೆದುಕೊಂಡು ಹೋದಳು.

೧೦ ಫೆಬ್ರವರಿ, ಶುಕ್ರವಾರ

ಕಾಸಿಮಸಾಬನಿಗೆ ಹೇಳಿದೆ. ನಾನೇ ಹೇಳಿದೆ ಎಂದು ಬರೆಯುವಂತಿಲ್ಲ. ಮೈ ಮೇಲಿನ ಕೆಮ್ಮಣ್ಣಿನ ಕಲೆ ಏನು ಎಂದು ಕೇಳಿದ, ಸುಳ್ಳು ಹೊಳೆಯಲಿಲ್ಲ, ನೀಲಾಬಾಯಿ ಕರೆದದ್ದೂ ಬಾಯಿಂದ ಬಂತು. ಮಾತಿನಲ್ಲಿ ನನ್ನನ್ನು ಯಾರೂ ಗೆದ್ದಿಲ್ಲ, ಆದರೆ ಈ ಮನುಷ್ಯ ಮಾತನಾಡುವುದೇ ಇಲ್ಲ, ಗೆಲ್ಲುವುದು ಹೇಗೆ.

ಬೆರಳಿನಿಂದ ಮೆಲ್ಲಗೆ ಮುಟ್ಟಿದ, ಪಂಕ್ಚರ್ ಹುಡುಕುವವನ ಹಾಗೆ. ‘ಟ್ಯೂಬಿನಾಗ ನೆರಿಗಿ ಬಿದ್ರ ಹಿಂಗ ಆಗತೈತಿ’ ಎಂದ. ಆಮೇಲೆ ಅಂಗಡಿಗೆ ಹೋದ. ಅಷ್ಟೇ ಎಂದುಕೊಂಡೆ. ಸಂಜೆ ನೋಡಿದರೆ ನೇರ ನೀಲಾಬಾಯಿಯ ಬಾಗಿಲಿಗೆ ಹೋಗಿ ನಿಂತು, ‘ಸೋಮವಾರ ಈಕೀನ ಕರ್ಕೊಂಡ ಹೋಗ್ರಿ ಬಾಯಿ, ಹೆಂಗಸರ ಕೋಲ್ಯಾಗ ನನ್ನ ಬಿಡಂಗಿಲ್ಲ’ ಎಂದು ಬಂದಿದ್ದಾನೆ.

‘ಊರಾಗ ಆಕೀನ ಒಬ್ಬಾಕಿ ಸಿಕ್ಕಳೇನ್ರಿ ನಿಮಗ?’

‘ಆಕೀನ ಒಬ್ಬಾಕಿ ಬಾ ಅಂದಾಕಿ.’

ಎರಡು ದಿನ ಮಾತು ಬಿಡಬೇಕು ಎಂದುಕೊಂಡಿದ್ದೇನೆ. ಅವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದೊಂದು ಕೊರತೆ.

೧೩ ಫೆಬ್ರವರಿ, ಸೋಮವಾರ

ಹೋಗಿ ಬಂದೆ. ಸಾವಕಾಶ ಬರೆಯುತ್ತೇನೆ, ಅರ್ಧ ಬರೆದು ಅರ್ಧ ಬಿಡಬಾರದು.

ಬಸ್ಸಿನಲ್ಲಿ ಒಂದೇ ಸೀಟು. ಕಂಕುಳ ಪಟ್ಟಿಯನ್ನು ಓರೆಯಾಗಿ ಕತ್ತರಿಸಬೇಕೋ ನೇರವಾಗಿ ಕತ್ತರಿಸಬೇಕೋ ಎಂದು ಇಟ್ಟಂಗಿಹಾಳದವರೆಗೆ ವಾದ ಮಾಡಿದೆವು. ಓರೆ ಎಂದಳು. ನೇರ ಎಂದೆ. ಕಂಡಕ್ಟರ್ ಟಿಕೆಟ್ ಹರಿಯುವಾಗ ಅದನ್ನೂ ತೋರಿಸಿ ‘ನೋಡು, ಓರೆ ಹರದ್ರ ಹೆಂಗ ಸರಳ ಹೋಗತೈತಿ’ ಎಂದಳು. ಬಿಜಾಪುರ ಬಂದದ್ದು ಗೊತ್ತಾಗಲಿಲ್ಲ. ಅದು ಅವಳ ಹಂಚಿಕೆಯೇ ಇದ್ದಿರಬೇಕು ಎಂದು ಈಗ ಅನಿಸುತ್ತಿದೆ.

ದವಾಖಾನೆಯಲ್ಲಿ ಪರದೆ, ಪರದೆಯ ಈಚೆ ಬೆಂಚಿನ ತುಂಬ ಹೆಂಗಸರು. ಡಾಕ್ಟರಬಾಯಿ ನನಗಿಂತ ಹತ್ತು ವರ್ಷ ಚಿಕ್ಕವಳು. ಕುಬಸ, ಬಾಡಿ ಎರಡೂ ಬಿಚ್ಚಿಸಿ ಸ್ಟೂಲಿನ ಮೇಲೆ ಇಡಿಸಿದಳು. ಎರಡೂ ಎದೆ, ಎರಡೂ ಕಂಕುಳು ಒತ್ತಿ ಒತ್ತಿ ನೋಡಿದಳು. ಅಕ್ಕನ ವಿಷಯ ಹೇಳಿದೆ. ಹೇಳುವಾಗ ಧ್ವನಿ ಸರಿಯಾಗಿಯೇ ಇತ್ತು, ಪರದೆ ಆಚೆಯಿಂದ ನೀಲಾಬಾಯಿ ಬಂದು ನನ್ನ ಬಲಗೈ ಯಾಕೆ ಹಿಡಿದುಕೊಂಡಳೋ ಗೊತ್ತಿಲ್ಲ.

‘ಎಡಗೈ ಮ್ಯಾಲ ಎತ್ರಿ.’ ಎತ್ತಿದೆ. ಚರ್ಮ ಗೀರಿದಂತೆ ಒಳಗೆ ಹೋಯಿತು. ಡಾಕ್ಟರಬಾಯಿಯ ಮುಖ ಅರಳಿತು. ಒಬ್ಬರ ಮೈ ನೋಡಿ ಇಷ್ಟು ಸಂತೋಷಪಡುವವರನ್ನು ನಾನು ಕಂಡಿಲ್ಲ. ದಪ್ಪ ಪುಸ್ತಕ ತರಿಸಿದಳು, ಇಬ್ಬರು ನರ್ಸಬಾಯಿಗಳನ್ನು ಕರೆದಳು. ಗಂಡನಿಂದ ಹದಿನೇಳು ದಿನ ಮುಚ್ಚಿಟ್ಟದ್ದನ್ನು ಆರು ಸಲ ಕೈ ಎತ್ತಿ ತೋರಿಸಿದೆ.

‘ಇದು ನಿಮ್ಮ ಅಕ್ಕಗ ಆಗಿದ್ದಲ್ಲ’ ಎಂದಳು. ‘ಚರ್ಮದ ಕೆಳಗ ಸಣ್ಣ ರಕ್ತನಾಳ ಇರತಾವು. ಅದರಾಗ ಒಂದು ಉರಿ ಎದ್ದು ಬಾತೈತಿ, ಒಳಗ ರಕ್ತ ಹೆಪ್ಪುಗಟ್ಟೇತಿ. ಅದಕ್ಕ ಹಗ್ಗದ ಹಂಗ ಹತ್ತತೈತಿ. ಭಾಳ ಅಪರೂಪ. ನಾನು ಪುಸ್ತಕದಾಗ ಓದಿದ್ದೆ, ಕಣ್ಣಿಲೆ ನೋಡಿದ್ದು ಇದ ಮೊದಲು. ಮೊಂಡೋರ್ ಅಂತ ಫ್ರಾನ್ಸಿನ ಡಾಕ್ಟರ ಒಬ್ಬರು, ಅವರ ಹೆಸರ ಇಟ್ಟಾರ.’

‘ಬ್ಯಾನಿ ನಂದು, ಹೆಸರ ಅವರದೇನ್ರಿ?’

ನರ್ಸಬಾಯಿ ನಕ್ಕಳು. ಕೊಯ್ಯುವುದು ಬೇಡ, ಬಿಸಿನೀರಿನ ಕಾವು ಕೊಡಿ, ನೋವಿಗೆ ಗುಳಿಗೆ, ಆರು ವಾರಕ್ಕೆ ತಾನೇ ಹೋಗುತ್ತದೆ. ಆದರೂ ಅಕ್ಕನದು ಹಾಗಿದ್ದುದರಿಂದ ಮಾರ್ಚ್ ಇಪ್ಪತ್ತೇಳಕ್ಕೆ ಬರಲೇಬೇಕು. ಆಗಲೂ ದಾರ ಹಾಗೇ ಇದ್ದರೆ ಮಿರಜಿಗೆ ಚೀಟಿ ಬರೆಯುತ್ತೇನೆ ಎಂದಳು. ಆರು ವಾರದ ಮೊದಲು ಕುಣಿಯಬೇಡ ಎಂದು ಅರ್ಥ.

‘ಪೆಟ್ಟು ಬಿದ್ದಿತ್ತೇನು? ಭಾರ ಎತ್ತಿದ್ರೇನು?’ ಇಲ್ಲ ಎಂದೆ. ಆಗ ಡಾಕ್ಟರಬಾಯಿ ಸ್ಟೂಲಿನ ಮೇಲಿದ್ದ ಬಾಡಿಯನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಮೈಗೆ ಹಿಡಿದಳು. ಅದರ ಕೆಳಗಿನ ಪಟ್ಟಿ, ನನ್ನ ಮೈ ಮೇಲಿನ ಬಾಸುಂಡೆ, ದಾರ ಅದನ್ನು ದಾಟುವ ಜಾಗ, ಮೂರೂ ಒಂದಕ್ಕೊಂದು ಕೂಡಿದವು.

‘ಇದನ್ನ ಯಾರು ಹೊಲದಾರ?’

ಇಪ್ಪತ್ತು ವರ್ಷ ಈ ಬಾಯಿ ನನ್ನನ್ನು ಸಾಕಿದೆ. ಆ ಹೊತ್ತಿನಲ್ಲಿ ಅದು ತಾನೇ ಹೇಳಿತು, ‘ನಮ್ಮ ಊರಾಗ ಒಬ್ಬಾಕಿ ಟೇಲರಬಾಯಿ ಅದಾಳ್ರಿ.’

‘ಆಕೀ ಕೈಯಾಗ ಟೇಪು ಕೊಡಬ್ಯಾಡ್ರಿ ಇನ್ನ. ಹಿಂಗ ಬಿಗದ್ರ ರಕ್ತನಾಳ ಏನ ಮಾಡಬೇಕು?’

ನನ್ನ ಬಲಗೈ ಇನ್ನೂ ನೀಲಾಬಾಯಿಯ ಕೈಯಲ್ಲಿತ್ತು. ಬಿಡಲಿಲ್ಲ. ಬೆಂಚಿನವರೆಗೂ ಕೇಳುವಂತೆ ಹೇಳಿದಳು, ‘ಆಕಿ ನಾನ ರೀ, ಬಾಯಾರ. ಅಳತಿ ಕಡಿಮಿ ಬಿತ್ತು. ಇನ್ನ ಮುಂದ ನೋಡಿ ಹೊಲೀತೀನಿ.’

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಟಿಕೋಟಾ ಹತ್ತಿರ ಬಂದಾಗ ಆಕೆಯದು ಒಂದೇ ಮಾತು: ‘ಬಖಿಯಾ ಹೊಲಿಗಿ ಮಾತ್ರ ಚಲೋ ಹಾಕೀದಿ. ನಿನ್ನ ಹೊಲಿಗಿ ಸಾವಿರದಾಗ ಗುರ್ತ ಸಿಗತೈತಿ.’

೧೪ ಫೆಬ್ರವರಿ, ಮಂಗಳವಾರ

ಬಟ್ಟೆ ತೊಳೆದಾಗ ಕುಗ್ಗಿರಬೇಕು. ಹೊಸ ಬಟ್ಟೆ ಕುಗ್ಗುತ್ತದೆ.

ಮಧ್ಯಾಹ್ನ. ಅಳೆದೆ. ಕುಗ್ಗಿಲ್ಲ. ಮೂವತ್ತೆರಡು ಸರಿಯಾಗಿ ಮೂವತ್ತೆರಡೇ ಇದೆ. ಮೊದಲ ಹಾಳೆ ತೆರೆದು ನೋಡಿದೆ. ಅಬ್ಬಾನ ಅಕ್ಷರ, ಎದೆ ೩೨, ಕೆಳಗೆ ೧೯೫೮. ಅಬ್ಬಾನ ಅಳತೆ ತಪ್ಪಿಲ್ಲ. ಅಳತೆ ಕೊಟ್ಟ ಹುಡುಗಿ ಈಗ ಇಲ್ಲ. ಮೂರು ಬಾಣಂತನ ಆಗಿದೆ, ರೊಟ್ಟಿ ಎಷ್ಟು ತಿಂದೆನೋ.

ಊರಿನ ಹೆಂಗಸರಿಗೆಲ್ಲ ವರ್ಷಕ್ಕೊಮ್ಮೆ ಹೇಳುತ್ತೇನೆ, ‘ಹೋದ ವರ್ಷದ ಅಳತಿ ನಡ್ಯಾಂಗಿಲ್ಲ, ನಿಂದ್ರು.’

೧೭ ಫೆಬ್ರವರಿ, ಶುಕ್ರವಾರ

ಐದು ಇಂಚು, ಬೆಳೆದಿಲ್ಲ. ಕೆಂಪು ಇಳಿದಿದೆ.

ಕಾವು ಕೊಡಲು ಕಾಸಿಮಸಾಬ ಸೈಕಲ್ಲಿನ ಟ್ಯೂಬು ಕತ್ತರಿಸಿ, ಎರಡೂ ತುದಿಗೆ ಸೊಲ್ಯೂಷನ್ ಹಚ್ಚಿ ಬಿಸಿನೀರಿನ ಚೀಲ ಮಾಡಿಕೊಟ್ಟಿದ್ದಾನೆ. ವಾಲ್ವಿನಿಂದ ನೀರು ತುಂಬಬೇಕು. ಮೊದಲ ದಿನ ಸೋರಿ ಹಾಸಿಗೆ ತೊಯ್ದಿತು, ಎರಡನೆಯ ದಿನ ಪಂಕ್ಚರ್ ತೆಗೆದ. ಈಗ ಚೆನ್ನಾಗಿದೆ, ರಬ್ಬರಿನ ವಾಸನೆ ಬಿಟ್ಟರೆ. ಅತ್ತೆ ಹತ್ತಿರ ಬಂದು ಮೂಸಿ, ‘ಗಾಡಿ ಯಾವಾಗ ಬಿಡತೈತಿ?’ ಎಂದು ಕೇಳಿದಳು.

೨೨ ಫೆಬ್ರವರಿ, ಬುಧವಾರ

ನಾಲ್ಕೂ ಮುಕ್ಕಾಲು.

ಗಿರಾಕಿಗಳು ವಾಪಸು ಬರುತ್ತಿದ್ದಾರೆ. ನಾಲ್ಕು ದಿನದಲ್ಲಿ ಹನ್ನೊಂದು ಜನ. ಮೊದಲು ತಿಳಿಯಲಿಲ್ಲ. ಇವತ್ತು ಒಬ್ಬಳು ಹೇಳಿದಳು: ದವಾಖಾನೆಯ ಬೆಂಚಿನ ಮೇಲೆ ಅವಳ ಓರಗಿತ್ತಿ ಕುಳಿತಿದ್ದಳಂತೆ. ನೀಲಾಬಾಯಿ ಹೊಲಿದ ಬಾಡಿ ತೊಟ್ಟು ಒಬ್ಬ ಹೆಂಗಸಿನ ನರ ಕಟ್ಟಿತಂತೆ, ಹೊಲಿದಾಕೆ ತಾನೇ ಒಪ್ಪಿಕೊಂಡಳಂತೆ. ಆ ಹೆಂಗಸು ಯಾರೆಂದು ಗೊತ್ತಿಲ್ಲವಂತೆ, ಮುಖ ಪರದೆಯ ಆಚೆ ಇತ್ತಂತೆ.

ನಾನು ಅವಳ ಬೆನ್ನಿನ ಅಳತೆ ತೆಗೆಯುತ್ತಿದ್ದೆ. ಹದಿನಾಲ್ಕೂವರೆ ಎಂದು ಬರೆದುಕೊಂಡೆ.

೧ ಮಾರ್ಚ್, ಬುಧವಾರ

ನಾಲ್ಕು. ನೋವಿಲ್ಲ.

ಬಸ್ ನಿಲ್ದಾಣದ ಕಡೆ ಹೋಗಬೇಕಾಗಿತ್ತು, ಹೋಗಲಿಲ್ಲ. ಹಿಂದಿನ ಓಣಿಯಿಂದ ಸುತ್ತಿ ಬಂದೆ. ಅವಳ ಯಂತ್ರದ ಸದ್ದು ಕೇಳಿಸಲಿಲ್ಲ.

೯ ಮಾರ್ಚ್, ಗುರುವಾರ

ಇವತ್ತು ಮಲಕವ್ವ ಬಂದಳು. ಬಿಜ್ಜರಗಿಯಿಂದ ಚಕ್ಕಡಿಯಲ್ಲಿ, ಜೊತೆಗೆ ನಾಲ್ಕು ಜನ ಹೆಂಗಸರು, ಇಪ್ಪತ್ತೊಂದು ಕುಬಸದ ಖಣಗಳ ಗಂಟು.

‘ಆ ನೀಲಾಬಾಯಿ ಕೈಯಾಗಿಂದ ಕಸ್ಕೊಂಡ ಬಂದೇನಿ ಯವ್ವಾ. ಮದಿವಿ ಮನ್ಯಾಗ ಯಾರ ನರಾ ಕಟ್ಟೀತು. ನೀನ ಹೊಲಿ. ನಂದು ಮೊದಲ ತಗೋ.’ ಕೈ ಅಗಲಿಸಿ ನಿಂತಳು. ಟೇಪು ಹಾಕಿದೆ. ಆಗ ಅಂದಳು, ‘ಎಡಕ ತುಸು ಸಡ್ಲ ಇರ್ಲಿ.’

ಟೇಪು ಕೆಳಗಿಟ್ಟೆ.

‘ಯಾಕ?’

‘ಯಾಕಂದ್ರ? ಸಡ್ಲ ಬೇಕು.’

‘ಯಾಕ ಬೇಕು ಅಂತ ಕೇಳಾಕತ್ತೇನಿ.’

‘ಹದಿನಾರ ವರ್ಷದಾಗ ಒಮ್ಮೀನೂ ಕೇಳಿಲ್ಲ ನೀ.’

‘ಇವತ್ತ ಕೇಳಾಕತ್ತೇನಿ. ಒಳಗ ಬಾ. ಗಂಟು ಬಿಚ್ಚು.’

ನನ್ನ ಮುಖ ನೋಡಿ ಹೆದರಿದಳೇನೋ, ಒಳಗೆ ಬಂದಳು. ಕುಬಸದ ಗಂಟು ಬಿಚ್ಚಿದಳು. ಎಡಗಡೆಯಿಂದ ಒಂದು ಚೀಲ ಬಿತ್ತು. ತಂಬಾಕು, ಸುಣ್ಣದ ಡಬ್ಬಿ, ಅಡಿಕೆ, ಒಂದು ಬೀಗದ ಕೈ.

‘ಗಂಡಗ ಗೊತ್ತಾದ್ರ ಬೈತಾನ’ ಎಂದಳು ಮೆಲ್ಲಗೆ. ‘ಬಲಕ ಇಟ್ರ ಕೈಗೆ ಎಟುಕೂದಿಲ್ಲ, ಬಲಗೈಲೆ ತಗೀಬೇಕಲ್ಲ.’

ನಾನು ನಕ್ಕೆ. ನಿಲ್ಲಿಸಲಾಗಲಿಲ್ಲ. ನಗುತ್ತ ನಗುತ್ತ ಗೋಡೆಗೆ ಒರಗಿ ಕುಳಿತೆ, ಕಣ್ಣಿಂದ ನೀರು ಇಳಿಯಿತು, ಹೊರಗಿನ ನಾಲ್ವರೂ ಒಳಗೆ ಬಂದರು, ಅತ್ತೆಯೂ ಬಂದಳು. ಮಲಕವ್ವ ತಂಬಾಕು ಬಾಚಿಕೊಳ್ಳುತ್ತ, ‘ಈಕಿಗೇನ ಹಿಡೀತ ಬೇ’ ಎಂದಳು.

ಆಗ ಪೆಟ್ಟಿಗೆಯ ತಳದಿಂದ ಆ ಬಾಡಿಯನ್ನು ತೆಗೆದೆ. ಬೆಳಕಿಗೆ ಹಿಡಿದೆ. ‘ನೀವು ಹೇಳೂ ಬಾಡಿ ಇದ. ದವಾಖಾನ್ಯಾಗ ಪರದೆ ಆಚೆ ಇದ್ದಾಕಿ ನಾನ. ಹೊಲದಾಕೀನೂ ನಾನ. ನೀಲಾಬಾಯಿ ಇದನ್ನ ಮುಟ್ಟಿಲ್ಲ. ನನ್ನ ಮಾನ ಕಾಯಾಕ ತಾನ ಹೊಲದೇನಿ ಅಂದ್ಲು.’

ಮಲಕವ್ವ ಬಾಡಿಯನ್ನು ತಿರುವಿ ನೋಡಿದಳು, ನನ್ನನ್ನು ನೋಡಿದಳು. ‘ಇದರಾಗ ನೀ ಹೊಕ್ಕಿದ್ದಿ?’

‘ಹೊಕ್ಕಿದ್ದೆ.’

‘ಯಾರ ಅಳತಿ?’

‘ನಂದ. ಮದಿವ್ಯಾಗ ತಗೊಂಡಿದ್ದು.’

ಆ ಐದೂ ಜನ ನಕ್ಕದ್ದು ಸೈಕಲ್ ಅಂಗಡಿಯವರೆಗೆ ಕೇಳಿಸಿ ಕಾಸಿಮಸಾಬ ಏನಾಯಿತೆಂದು ಓಡಿ ಬಂದ. ಅತ್ತೆಯಂತೂ, ‘ಈಕಿಗೆ ಇನ್ನೂ ಮದಿವ್ಯಾಗಿನ ಹುಡುಗಿ ಅಂತ ಅನಸಾಕತ್ತೈತಿ’ ಎಂದು ಮೂರು ಸಲ ಹೇಳಿದಳು, ಮೂರು ಸಲವೂ ಹೊಸದಾಗಿ ನಕ್ಕರು.

ಬಾಡಿಯನ್ನು ಹೊಲಿಗೆ ಕೋಣೆಯ ಬಾಗಿಲಿನ ಮೊಳೆಗೆ ತೂಗು ಹಾಕಿದ್ದೇನೆ. ಯಾವ ಹುಡುಗಿಯಾದರೂ ಇನ್ನೂ ಬಿಗಿ ಮಾಡು ಎಂದರೆ ಬೆರಳು ತೋರಿಸಿದರೆ ಸಾಕು.

ಹನ್ನೊಂದು ಕುಬಸ ಇಟ್ಟುಕೊಂಡು ಹತ್ತನ್ನು ನೀಲಾಬಾಯಿಗೆ ವಾಪಸು ಕಳಿಸಿದೆ. ಅಳತೆಯ ಚೀಟಿ ಬರೆದು ಒಳಗೆ ಇಟ್ಟೆ. ಮಲಕವ್ವ, ಎಡಗಡೆ ಸಡಿಲ, ತಂಬಾಕು.

೧೪ ಮಾರ್ಚ್, ಮಂಗಳವಾರ

ಎರಡೂವರೆ.

ಚೀಟಿಯಲ್ಲಿ ತೋಳಿನ ಅಳತೆ ಓದಲು ಬರಲಿಲ್ಲವೆಂದು ನೀಲಾ ಬಂದಿದ್ದಳು. ನಾನು ಬರೆದ ಏಳು ಎಲ್ಲರಿಗೂ ಓದಲು ಬರುತ್ತದೆ. ಬಾಗಿಲಿಗೆ ತೂಗುತ್ತಿದ್ದ ಬಾಡಿಯನ್ನು ನೋಡಿ ಒಳಗೆ ಬಂದು ಕುಳಿತಳು. ಚಹಾ ಮಾಡಿದೆ.

‘ಅವತ್ತ ಯಾಕ ಹಂಗಂದಿ?’ ಎಂದು ಕೇಳಿದೆ.

‘ನಿನ್ನ ಹೆಸರು ಇಪ್ಪತ್ತ ವರ್ಷದ್ದು. ನಂದು ನಾಕ ತಿಂಗಳದ್ದು. ಹೊಸಾ ಅರಿವಿ ಮ್ಯಾಲಿನ ಕಲಿ ತೊಳದ್ರ ಹೋಗತೈತಿ ಅಂದ್ಕೊಂಡೆ.’ ಬಸಿಯಲ್ಲಿ ಚಹಾ ಆರಿಸುತ್ತ, ‘ಹೋಗಲಿಲ್ಲ. ಭಾಳ ಗಟ್ಟಿ ಇತ್ತು’ ಎಂದು ನಕ್ಕಳು.

ಅವಳ ನಗು ಸ್ವಲ್ಪ ಜೋರು, ಅಷ್ಟೇ.

ಕಂಕುಳ ಪಟ್ಟಿ ಓರೆಯಾಗಿ ಕತ್ತರಿಸಿ ನೋಡಿದೆ. ಸರಿಯಾಗಿ ಕೂಡುತ್ತದೆ. ಅವಳಿಗೆ ಹೇಳಿಲ್ಲ.

೨೦ ಮಾರ್ಚ್, ಸೋಮವಾರ

ಮೊನ್ನೆಯಿಂದ ಅಳತೆಗೆ ಬಂದವರೆಲ್ಲ ಒಳಕೋಣೆಗೆ ಬಂದು ತಮ್ಮ ತಮ್ಮ ಎದೆಯ ಗಂಟು, ನೋವು ಗುಸುಗುಸು ಹೇಳಿ ಹೋಗುತ್ತಾರೆ. ಒಬ್ಬಳ ಗಂಟು ಹಾಲಿನದು, ಕೂಸಿಗೆ ಕುಡಿಸು ಎಂದೆ. ಇನ್ನೊಬ್ಬಳದು ನನಗೆ ತಿಳಿಯಲಿಲ್ಲ. ಮುಂದಿನ ಸೋಮವಾರ ನಮ್ಮ ಜೊತೆ ಬಾ ಎಂದಿದ್ದೇನೆ. ಇದರಿಂದ ಕೆಲಸ ತಡವಾಗುತ್ತಿದೆ, ಅದೊಂದು ತೊಂದರೆ.

ನನ್ನದು ಒಂದು ಇಂಚು. ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ.

೨೭ ಮಾರ್ಚ್, ಸೋಮವಾರ

ಬಸ್ಸಿನಲ್ಲಿ ಮೂವರು ಒಂದೇ ಸೀಟಿನಲ್ಲಿ. ಬೆಳಿಗ್ಗೆ ಹುಡುಕಿದಾಗ ದಾರ ಸಿಕ್ಕಿರಲಿಲ್ಲ. ಆದರೆ ಹುಡುಕುವ ಬೆರಳು ನನ್ನದೇ, ಅದಕ್ಕೆ ಬೇಕಾದ್ದನ್ನು ಅದು ಹೇಳುತ್ತದೆ. ದಾರಿಯುದ್ದಕ್ಕೂ ಮಿರಜಿನ ರೈಲು ಎಷ್ಟು ಹೊತ್ತಿಗೆ ಎಂದು ಮನಸ್ಸಿನಲ್ಲೇ ಎಣಿಸಿದೆ. ನೀಲಾ ತೋಳಿನ ನೆರಿಗೆಯ ಬಗ್ಗೆ ಏನೋ ಹೇಳುತ್ತಿದ್ದಳು, ನಾನು ಎಲ್ಲಕ್ಕೂ ಹೌದು ಎಂದೆ. ಅದರಿಂದ ಅವಳಿಗೇ ಗಾಬರಿಯಾಯಿತು.

ಡಾಕ್ಟರಬಾಯಿ ಎರಡೂ ಕಡೆ ನೋಡಿದಳು. ಕಂಕುಳು ನೋಡಿದಳು. ಕೈ ಎತ್ತು ಎಂದಳು. ಎತ್ತಿದೆ. ಇಳಿಸು ಎಂದಳು. ಮತ್ತೆ ಎತ್ತು ಎಂದ ಮೇಲೆ, ಮುಖ ಸ್ವಲ್ಪ ಬಾಡಿತು, ಹುಡುಗಿಗೆ ಆಟಿಕೆ ಕಳೆದ ಹಾಗೆ.

‘ಏನೂ ಉಳಿದಿಲ್ಲ. ಗಂಟೂ ಇಲ್ಲ. ಮಿರಜ್ ಬ್ಯಾಡ.’

‘ಪೂರಾ ಹೋತೇನ್ರಿ?’

‘ಪೂರಾ. ತಿಂಗಳಿಗೊಮ್ಮಿ ನೀವ ಮುಟ್ಟಿ ನೋಡ್ಕೋರಿ. ಏನರ ಹತ್ತಿದ್ರ ಮುಚ್ಚಿಡಬ್ಯಾಡ್ರಿ, ಬರ್ರಿ.’ ಆಮೇಲೆ ನೀಲಾಳ ಕಡೆ ತಿರುಗಿದಳು. ‘ನೀವ ಅಲ್ಲೇನು ಟೇಲರಬಾಯಿ?’

ನೀಲಾ ಬಾಯಿ ತೆರೆಯುವ ಮೊದಲೇ ಹೇಳಿದೆ, ‘ಅಲ್ರಿ. ಆ ಟೇಲರಬಾಯಿ ನಾನ. ಆಕಿ ಕೈಯಾಗ ಟೇಪು ಕೊಡಬ್ಯಾಡ್ರಿ ಅಂದಿದ್ರಲ್ಲ, ಆಕಿ.’

ಜೊತೆಗೆ ಬಂದವಳ ಗಂಟೂ ಹೆದರಿಕೆಯದಲ್ಲವಂತೆ. ಸಣ್ಣದೊಂದು ನೀರಿನ ಗುಳ್ಳೆ, ಸೂಜಿಯಿಂದ ತೆಗೆದರು.

ಮನೆಗೆ ಬಂದು ಸುದ್ದಿ ಹೇಳಿದರೆ ಹಕ್ಕಿನ ಜಗಳ. ಕೆಮ್ಮಣ್ಣಿನಿಂದ ಹೋಯಿತು ಎಂದಳು ಪರಸವ್ವ. ಮೇಲಿನ ಗೆರೆಯಿಂದ, ಅದು ತಾನು ಹೇಳಿದ್ದು, ಎಂದಳು ಅತ್ತೆ. ಕಾಸಿಮಸಾಬ ಟ್ಯೂಬಿನ ಚೀಲವನ್ನು ಒರೆಸಿ ಮಡಚಿ ಪೆಟ್ಟಿಗೆಯಲ್ಲಿ ಇಟ್ಟ. ಮತ್ತೆ ಯಾರಿಗಾದರೂ ಬೇಕಾಗಬಹುದಂತೆ. ಸೈಕಲ್ಲಿಗೆ ಹಾಕಲಿಲ್ಲ.

೨೮ ಮಾರ್ಚ್, ಮಂಗಳವಾರ

ಯುಗಾದಿ ಮುಗಿದರೆ ಮದುವೆಗಳ ಹೊಲಿಗೆ. ಬೇಸಿಗೆ, ಬೆವರು. ನನಗೂ ಒಂದು ಸರಿಯಾದ ಬಾಡಿ ಬೇಕು. ನೀಲಾಳನ್ನು ಕರೆದೆ.

‘ನಿಂದ್ರು ಸರಳ. ಉಸರ ಹಿಡೀಬ್ಯಾಡ.’

‘ಹಿಡಿದಿಲ್ಲ.’

‘ಹಿಡದಿ. ಹೊಟ್ಟಿ ಒಳಗ ಜಗ್ಗೀದಿ. ಬಿಡು.’ ಬಿಟ್ಟೆ. ‘ಮೂವತ್ತಾರು.’

‘ಮೂವತ್ತೈದೂವರೆ ಇರಬೇಕು ನೋಡು.’

‘ಟೇಪು ನನ್ನ ಕೈಯಾಗ ಐತಿ.’

‘ಕಾಲು ಇಂಚರ ಕಡಿಮಿ ಬರಕೋತೀನಿ.’

‘ಬರಕೋ. ಮತ್ತ ದವಾಖಾನಿಗೆ ಒಬ್ಬಾಕೀನ ಹೋಗು.’

ಪುಸ್ತಕವನ್ನು ಮುಂದಿನಿಂದ ತೆರೆದು ಅವಳ ಮುಂದೆ ಇಟ್ಟೆ. ಅಬ್ಬಾನ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಇತ್ತು. ನಾನು ಅವಳ ಕಡೆ ಬೆನ್ನು ಮಾಡಿ ಕುಳಿತೆ. ಅವಳು ಬರೆದಳು. ಅವಳ ಅಕ್ಷರ ದುಂಡಗಿದೆ, ಓದಲು ಬರುತ್ತದೆ:

ಮಾಬುಬಿ, ಟಿಕೋಟಾ. ಎದೆ ೩೬. ಎಡಗಡೆ, ಬಲಗಡೆ ಎರಡೂ ಸಡಿಲ.